ಕರಾವಳಿಯ ಸೆಕೆಯಲ್ಲಿ ಮೆತ್ತನೆಯ ಅಚ್ಚಿನ ಕುಕಿ: ಎಲ್ಲಿ ಕೆಟ್ಟಿತು ಎಂದು ಹುಡುಕುವ ಬಗೆ

ಅಚ್ಚಿನಲ್ಲಿ ಕತ್ತರಿಸಿ ಬೇಯಿಸುವ ಸಕ್ಕರೆ ಕುಕಿಗೆ ಬೇಕಾದ ಸಾಮಾನು ಬೆರಳೆಣಿಕೆಯಷ್ಟು. ಆದರೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಅಡುಗೆಮನೆಯಲ್ಲಿ ಅದು ಕೆಡುವ ದಾರಿಗಳು ಹಲವು. ಮೀನಿನ ಆಕಾರ ಕತ್ತರಿಸಿದರೆ ಬಾಲ ಮಣೆಗೆ ಅಂಟಿ ಹರಿಯುತ್ತದೆ. ನಕ್ಷತ್ರದ ಮೂಲೆಗಳು ಓವನ್ನಿನೊಳಗೆ ಹರಡಿ ದುಂಡಗಾಗುತ್ತವೆ. ಆಕಾರ ಚೆನ್ನಾಗಿ ಬಂತು ಅಂದುಕೊಂಡರೆ ಕಚ್ಚುವಾಗ ಗಟ್ಟಿ. ಮಳೆಗಾಲದಲ್ಲಂತೂ ಸಂಜೆ ಮಾಡಿಟ್ಟದ್ದು ಬೆಳಗ್ಗೆ ಜಿಗುಟು.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ರೆಸಿಪಿ ಬದಲಿಸುತ್ತಾರೆ. ಹೊಸ ರೆಸಿಪಿಯಲ್ಲೂ ಅದೇ ಕಥೆ. ನಮ್ಮ ಕಡೆ ಬಹಳಷ್ಟು ಸಲ ದೋಷ ಇರುವುದು ಅಳತೆಯಲ್ಲಲ್ಲ, ಹಿಟ್ಟಿನ ಬಿಸಿಯಲ್ಲಿ. ಈ ಕುಕಿಯ ರೆಸಿಪಿಗಳು ಬಂದದ್ದು ತಂಪು ದೇಶಗಳಿಂದ. ಬೆಣ್ಣೆಯನ್ನು ಹೊರಗಿಟ್ಟು ಕೋಣೆಯ ಹದಕ್ಕೆ ತನ್ನಿ ಎಂದು ಅಲ್ಲಿ ಬರೆದಿದ್ದರೆ, ಆ ಕೋಣೆ ಸುಮಾರು 20 ಡಿಗ್ರಿಯದು. ಏಪ್ರಿಲ್‌ನಲ್ಲಿ ಕಾರವಾರದ ಅಡುಗೆಮನೆ 32 ಡಿಗ್ರಿ ದಾಟಿರುತ್ತದೆ. ಬೆಣ್ಣೆ ಪೂರ್ತಿ ಕರಗುವುದು 32ರಿಂದ 35 ಡಿಗ್ರಿಯಲ್ಲಿ. ಅಂದರೆ ನಾವು ರೆಸಿಪಿಯ ಮಾತು ಚಾಚೂ ತಪ್ಪದೆ ಪಾಲಿಸಿದರೆ ಕರಗಿದ ಬೆಣ್ಣೆಯಲ್ಲೇ ಹಿಟ್ಟು ಕಲಸಿದ ಹಾಗಾಯಿತು. ಅಲ್ಲಿಂದ ಮುಂದೆ ಏನು ಮಾಡಿದರೂ ಕಷ್ಟವೇ.

ಹೋಲಿಸಿ ನೋಡಲು ಒಂದು ಅಳತೆ

ದೋಷ ಹುಡುಕಬೇಕಾದರೆ ಎದುರಿಗೆ ಸರಿಯಾದ ಒಂದು ಅಳತೆ ಇರಬೇಕು. ನಾನು ಇದನ್ನು ಇಟ್ಟುಕೊಳ್ಳುತ್ತೇನೆ: ಮೈದಾ 230 ಗ್ರಾಂ, ಕಾರ್ನ್‌ಫ್ಲೋರ್ 20 ಗ್ರಾಂ, ಬೆಣ್ಣೆ 150 ಗ್ರಾಂ, ಪುಡಿ ಮಾಡಿದ ಸಕ್ಕರೆ 125 ಗ್ರಾಂ, ಒಂದು ಮೊಟ್ಟೆ (ಸಿಪ್ಪೆ ತೆಗೆದ ಮೇಲೆ 45 ಗ್ರಾಂ), ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ವೆನಿಲ್ಲಾ ಅಥವಾ ಏಲಕ್ಕಿ ಪುಡಿ. ಉಪ್ಪಿರುವ ಟೇಬಲ್ ಬಟರ್ ಆದರೆ ಬೇರೆ ಉಪ್ಪು ಬೇಡ. 6 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, 175 ಡಿಗ್ರಿಯಲ್ಲಿ 8ರಿಂದ 10 ನಿಮಿಷ.

ನಿಮ್ಮದು ಬೇರೆ ರೆಸಿಪಿ ಆಗಿದ್ದರೂ ಪರವಾಗಿಲ್ಲ. ಮೈದಾ, ಕಾರ್ನ್‌ಫ್ಲೋರ್ ಸೇರಿ ಎಷ್ಟೋ ಅದರ ನೂರಕ್ಕೆ ಅರುವತ್ತು ಭಾಗ ಬೆಣ್ಣೆ, ಅರ್ಧದಷ್ಟು ಸಕ್ಕರೆ, ಈ ಲೆಕ್ಕಕ್ಕೆ ಹತ್ತಿರ ಇದೆಯಾ ನೋಡಿ. ತೀರಾ ಆಚೀಚೆ ಇದ್ದರೆ ಮಾತ್ರ ಅಳತೆಯ ಮೇಲೆ ಅನುಮಾನ ಪಡಿ.

ಇನ್ನೊಂದು ಮಾತು. ದಯವಿಟ್ಟು ತೂಕ ಮಾಡಿ. ಒಂದು ಕಪ್ ಹರಳು ಸಕ್ಕರೆ 200 ಗ್ರಾಂ ಬರುತ್ತದೆ. ಅದೇ ಕಪ್ಪಿನಲ್ಲಿ ಪುಡಿ ಸಕ್ಕರೆ ತುಂಬಿದರೆ ಸುಮಾರು 120 ಗ್ರಾಂ. ಮೈದಾವನ್ನು ಡಬ್ಬಿಯಿಂದ ಒತ್ತಿ ತುಂಬಿದರೆ 150 ಗ್ರಾಂ, ಚಮಚದಿಂದ ಸಡಿಲವಾಗಿ ತುಂಬಿದರೆ 120 ಗ್ರಾಂ. ಕಪ್ಪಿನಲ್ಲಿ ಅಳೆದು ಮಾಡಿದ ಕುಕಿ ಯಾಕೆ ಕೆಟ್ಟಿತು ಎಂದು ಕೇಳಿದರೆ ಉತ್ತರ ಹೇಳುವುದೇ ಕಷ್ಟ.

ಮೊದಲು ಒಂದನ್ನೇ ಬೇಯಿಸಿ

ಇಡೀ ಟ್ರೇ ತುಂಬುವ ಮೊದಲು ಒಂದೇ ಒಂದು ಕುಕಿ ಕತ್ತರಿಸಿ ಬೇಯಿಸಿ. ಹತ್ತು ನಿಮಿಷದ ಕೆಲಸ. ಹಿಟ್ಟು ಉಳಿದಿರುವಾಗಲೇ ದೋಷ ಗೊತ್ತಾದರೆ ಸರಿಮಾಡಲು ದಾರಿ ಇರುತ್ತದೆ. ಬೆಂದದ್ದನ್ನು ಆರಲು ಬಿಟ್ಟು ಎರಡಾಗಿ ಮುರಿಯಿರಿ. ಅಂಚು ನೇರ ನಿಂತಿದೆಯಾ ಅಥವಾ ಇಳಿಜಾರಾಗಿದೆಯಾ, ತಳದ ಬಣ್ಣ ಏನು, ಒಳಗೆ ಒತ್ತಾಗಿದೆಯಾ ಅಥವಾ ಸಣ್ಣ ರಂಧ್ರಗಳಿವೆಯಾ ನೋಡಿ. ಮುಂದೆ ಹೇಳುವುದೆಲ್ಲ ಈ ಮೂರು ಗುರುತುಗಳ ಮೇಲೆಯೇ ನಿಂತಿದೆ.

ಹಿಟ್ಟು ಅಂಟುತ್ತದೆ, ಲಟ್ಟಿಸಲು ಬರುವುದಿಲ್ಲ

ಎಲ್ಲ ತಾಪತ್ರಯ ಶುರುವಾಗುವುದು ಇಲ್ಲಿಂದ. ಹಾಗಾಗಿ ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡೋಣ.

ಹಿಟ್ಟು ಕೈಗೆ ಮೆತ್ತಿಕೊಂಡರೆ ನಮ್ಮ ಕೈ ತಾನಾಗಿ ಮೈದಾ ಡಬ್ಬಿಗೆ ಹೋಗುತ್ತದೆ. ಚಪಾತಿ ಹಿಟ್ಟಿನಿಂದ ಬಂದ ಅಭ್ಯಾಸ ಅದು. ಚಪಾತಿ ಹಿಟ್ಟು ಅಂಟುವುದು ನೀರು ಜಾಸ್ತಿಯಾದಾಗ, ಅಲ್ಲಿ ಒಣ ಹಿಟ್ಟು ಸರಿಯಾದ ಮದ್ದು. ಕುಕಿ ಹಿಟ್ಟು ಅಂಟುವುದು ಹೆಚ್ಚಾಗಿ ಬೆಣ್ಣೆ ಕರಗಿದಾಗ. ಅಲ್ಲಿ ಮೈದಾ ಸುರಿದರೆ ಅಂಟು ಆ ಹೊತ್ತಿಗೆ ನಿಂತ ಹಾಗೆ ಕಾಣುತ್ತದೆ, ಆದರೆ ಬೆಂದ ಮೇಲೆ ಕುಕಿ ಗಟ್ಟಿ. ಕರಾವಳಿಯಲ್ಲಿ ಗಟ್ಟಿ ಕುಕಿ ಮಾಡಿಕೊಂಡವರಲ್ಲಿ ಹೆಚ್ಚಿನವರ ಮೂಲ ಕಾರಣ ಇದೇ ಎಂದು ನಾನು ನಂಬಿದ್ದೇನೆ.

ಅಂಟು ಸೆಕೆಯದೋ ನೀರಿನದೋ ತಿಳಿಯಲು ಸುಲಭದ ಪರೀಕ್ಷೆ ಇದೆ. ಹಿಟ್ಟಿನಿಂದ ನಿಂಬೆಹಣ್ಣಿನಷ್ಟು ಉಂಡೆ ತೆಗೆದು, ತಟ್ಟಿ ಚಪ್ಪಟೆ ಮಾಡಿ, ಫ್ರಿಜ್ಜಿನಲ್ಲಿ 20 ನಿಮಿಷ ಇಡಿ. ಹೊರಗೆ ತೆಗೆದಾಗ ಬೆರಳಿಗೆ ಅಂಟದೆ ಗಟ್ಟಿಯಾಗಿದ್ದರೆ ನಿಮ್ಮ ಹಿಟ್ಟು ಸರಿಯಾಗಿದೆ, ಅದಕ್ಕೆ ಬೇಕಾಗಿರುವುದು ತಂಪು ಮಾತ್ರ. ಚಿಟಿಕೆ ಮೈದಾವನ್ನೂ ಸೇರಿಸಬೇಡಿ. ತಂಪಾದ ಮೇಲೂ ಬೆರಳಿಗೆ ಜಿಗುಟು ಹತ್ತಿದರೆ ಆಗ ನೀರು ಜಾಸ್ತಿ ಎಂದು ಅರ್ಥ. ಒಂದು ದೊಡ್ಡ ಚಮಚ ಮೈದಾ ಸೇರಿಸಿ, ಮತ್ತೆ ತಂಪು ಮಾಡಿ, ಮತ್ತೆ ನೋಡಿ. ಒಂದೊಂದೇ ಚಮಚ.

ಸೆಕೆಯದೇ ತೊಂದರೆ ಆದರೆ ಕೆಲಸದ ಕ್ರಮವನ್ನೇ ಬದಲಿಸಬೇಕು. ಬೆಣ್ಣೆಯನ್ನು ಫ್ರಿಜ್ಜಿನಿಂದ ತೆಗೆದು ಸಣ್ಣ ತುಂಡು ಮಾಡಿ. ಮಾರ್ಚ್‌ನಿಂದ ಮೇವರೆಗೆ ಐದಾರು ನಿಮಿಷ ಹೊರಗಿದ್ದರೆ ಸಾಕು. ಬೆರಳಿನಿಂದ ಒತ್ತಿದರೆ ಗುರುತು ಬೀಳಬೇಕು, ಆದರೆ ಬೆರಳು ಒಳಗೆ ಇಳಿಯಬಾರದು, ಮೇಲೆ ಎಣ್ಣೆಯ ಹೊಳಪು ಇರಬಾರದು. ಸಕ್ಕರೆ ಹಾಕಿ ಒಂದೆರಡು ನಿಮಿಷ ಮಾತ್ರ ಕಡೆಯಿರಿ. ಕೇಕಿಗೆ ಮಾಡಿದ ಹಾಗೆ ಬಿಳಿ ಬಣ್ಣ ಬರುವವರೆಗೆ ಬೀಟರ್ ತಿರುಗಿಸಿದರೆ ತಿಕ್ಕಾಟಕ್ಕೇ ಬೆಣ್ಣೆ ಬಿಸಿಯಾಗುತ್ತದೆ, ಗಾಳಿಯೂ ಸೇರುತ್ತದೆ. ಆ ಗಾಳಿ ಓವನ್ನಿನಲ್ಲಿ ಉಬ್ಬಿ ಆಕಾರ ಕೆಡಿಸುತ್ತದೆ.

ಹಿಟ್ಟು ಒಂದಾದ ಕೂಡಲೇ ನಾದುವುದನ್ನು ನಿಲ್ಲಿಸಿ. ನಂತರ ಎಲ್ಲರೂ ಉಂಡೆ ಮಾಡಿ ಫ್ರಿಜ್ಜಿಗೆ ಹಾಕುತ್ತಾರೆ, ಗಂಟೆ ಬಿಟ್ಟು ಕಲ್ಲಿನಂಥ ಉಂಡೆಯ ಜೊತೆ ಗುದ್ದಾಡುತ್ತಾರೆ. ಅದು ಮೆತ್ತಗಾಗುವ ಹೊತ್ತಿಗೆ ಹೊರಗಿನ ಪದರ ಮತ್ತೆ ಕರಗಿರುತ್ತದೆ. ಅದರ ಬದಲು ಎರಡು ಬಟರ್ ಪೇಪರ್ ನಡುವೆ ಹಿಟ್ಟಿಟ್ಟು ಮೊದಲೇ ಲಟ್ಟಿಸಿಬಿಡಿ. ಪೇಪರ್ ಸಮೇತ ಸ್ಟೀಲ್ ತಾಟಿನ ಮೇಲಿಟ್ಟು ಫ್ರಿಜ್ಜಿಗೆ ಹಾಕಿ. ತೆಳ್ಳಗಿರುವುದರಿಂದ ಅರ್ಧ ಮುಕ್ಕಾಲು ಗಂಟೆಯಲ್ಲಿ ಪೂರ್ತಿ ತಂಪಾಗುತ್ತದೆ. ಆಮೇಲೆ ಕತ್ತರಿಸಿ. ಮೈದಾ ಉದುರಿಸುವ ಅಗತ್ಯವೇ ಇಲ್ಲ. ಕರಾವಳಿಯವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಕತ್ತರಿಸಿ ಉಳಿದ ಚೂರುಗಳನ್ನು ಒತ್ತಿ ಸೇರಿಸಿ, ಮತ್ತೆ ಪೇಪರ್ ನಡುವೆ ಲಟ್ಟಿಸಿ, ಮತ್ತೆ ತಂಪಿಗೆ. ಎರಡು ಸಲಕ್ಕಿಂತ ಜಾಸ್ತಿ ಲಟ್ಟಿಸಿದ ಹಿಟ್ಟಿನ ಕುಕಿ ಮೊದಲ ಸರದಿಯಷ್ಟು ಮೆತ್ತಗೆ ಬರುವುದಿಲ್ಲ. ಹಾಗಾಗಿ ಅಚ್ಚನ್ನು ಮೊದಲ ಸಲವೇ ಹತ್ತಿರ ಹತ್ತಿರ ಒತ್ತಿ.

ಮಳೆಗಾಲದಲ್ಲಿ ಕರೆಂಟ್ ಹೋಗುವುದು ಇದ್ದದ್ದೇ. ಲಟ್ಟಿಸಿದ ಹಾಳೆಗಳು ಫ್ರೀಜರಿನಲ್ಲಿದ್ದರೆ, ಬಾಗಿಲು ತೆಗೆಯದಿದ್ದರೆ ಕೆಲವು ಗಂಟೆ ಏನೂ ಆಗುವುದಿಲ್ಲ. ಕೆಲಸ ಮಾಡುವ ಜಾಗಕ್ಕೆ ಕಡಪ ಕಲ್ಲು ಒಳ್ಳೆಯದು. ಅದರ ಮೇಲೆ ಐಸ್ ನೀರಿನ ಪಾತ್ರೆ ಹತ್ತು ನಿಮಿಷ ಇಟ್ಟು, ತೆಗೆದು ಚೆನ್ನಾಗಿ ಒರೆಸಿಕೊಳ್ಳಿ.

ಘಟ್ಟದ ಮೇಲಿನವರ ಕಷ್ಟ ಉಲ್ಟಾ. ಶಿರಸಿ, ಸಿದ್ದಾಪುರದಲ್ಲಿ ಡಿಸೆಂಬರ್ ಬೆಳಗ್ಗೆ ಇದೇ ಹಿಟ್ಟು ಲಟ್ಟಿಸಿದರೆ ಅಂಚು ಬಿರುಕು ಬಿಡುತ್ತದೆ. ಅದಕ್ಕೆ ಹಾಲು ಚಿಮುಕಿಸುವವರಿದ್ದಾರೆ, ಬೇಡ. ಹತ್ತು ನಿಮಿಷ ಒಲೆಯ ಹತ್ತಿರದ ಕಟ್ಟೆಯ ಮೇಲಿಡಿ, ತಾನೇ ಬಗ್ಗುತ್ತದೆ.

ನಕ್ಷತ್ರ ದುಂಡಗಾಯಿತು, ಮೀನಿನ ಬಾಲ ಮಾಯವಾಯಿತು

ಮುರಿದ ಕುಕಿಯ ಅಂಚು ನೋಡಿ. ಅಂಚು ತೆಳ್ಳಗಾಗಿ ಇಳಿಜಾರಾಗಿದ್ದು, ಕಂದು ಬಣ್ಣ ಅಂಚಿನಲ್ಲಿ ಮಾತ್ರ ಇದ್ದರೆ ಹಿಟ್ಟು ಬಿಸಿಯಾಗಿಯೇ ಓವನ್ನಿಗೆ ಹೋಗಿದೆ. ಮೈದಾ ಬೆಂದು ನಿಲ್ಲುವ ಮೊದಲೇ ಬೆಣ್ಣೆ ಹರಿದಿದೆ. ಕತ್ತರಿಸಿದ ಮೇಲೆ ಟ್ರೇ ಸಮೇತ 15 ನಿಮಿಷ ಫ್ರೀಜರಿನಲ್ಲಿಟ್ಟು ನೇರ ಬಿಸಿ ಓವನ್ನಿಗೆ ಹಾಕಿ. ಟ್ರೇ ಒಳಗೆ ಹಿಡಿಸದಿದ್ದರೆ ಬಟರ್ ಪೇಪರ್ ಸಮೇತ ತಾಟಿನಲ್ಲಿಟ್ಟು, ಬೇಯಿಸುವಾಗ ಪೇಪರನ್ನು ಟ್ರೇಗೆ ಜಾರಿಸಿ. ಮೊದಲ ಸರದಿ ಬೆಂದ ಬಿಸಿ ಟ್ರೇಯ ಮೇಲೆ ಎರಡನೆಯದನ್ನು ಜೋಡಿಸಬೇಡಿ. ಓವನ್ ಬಾಗಿಲು ಮುಚ್ಚುವ ಮೊದಲೇ ಬೆಣ್ಣೆ ಕರಗಲು ಶುರುವಾಗಿರುತ್ತದೆ.

ಹರಡುವುದರ ಜೊತೆಗೆ ಉಬ್ಬಿಯೂ ಇದ್ದು, ಒಳಗೆ ರಂಧ್ರಗಳು ಕಂಡರೆ ಬೇಕಿಂಗ್ ಪೌಡರ್ ಜಾಸ್ತಿಯಾಗಿದೆ ಅಥವಾ ಅದರ ಜಾಗದಲ್ಲಿ ಅಡುಗೆ ಸೋಡಾ ಬಿದ್ದಿದೆ. ಸೋಡಾ ಹಿಟ್ಟನ್ನು ಬೇಗ ಗಟ್ಟಿ ನಿಲ್ಲಲು ಬಿಡುವುದಿಲ್ಲ, ಬಣ್ಣವನ್ನೂ ಗಾಢ ಮಾಡುತ್ತದೆ. ಅಚ್ಚಿನ ಕುಕಿಗೆ ಅದು ಬೇಡ.

ಹರಡಿದ ಕುಕಿಯ ಮೇಲೆ ಸಣ್ಣ ಕಂದು ಚುಕ್ಕೆಗಳಿದ್ದು, ತಿನ್ನುವಾಗ ಗರಿ ಅನಿಸಿದರೆ ಸಕ್ಕರೆ ದಪ್ಪಗಿತ್ತು. ನಮ್ಮ ಅಂಗಡಿಯ ಸಕ್ಕರೆ ಹರಳು ದೊಡ್ಡದು, ತಣ್ಣನೆಯ ಬೆಣ್ಣೆಯಲ್ಲಿ ಕರಗುವುದಿಲ್ಲ. ಓವನ್ನಿನಲ್ಲಿ ಕರಗಿ ಪಾಕವಾಗಿ ಹರಡಿ, ಆರಿದಾಗ ಗಟ್ಟಿಯಾಗುತ್ತದೆ. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಪುಡಿ ಮಾಡಿದ ಮೇಲೆ ಮಿಕ್ಸಿ ಜಾರ್ ಬಿಸಿಯಾಗಿರುತ್ತದೆ, ಸಕ್ಕರೆ ಆರಿದ ಮೇಲೆ ಬೆಣ್ಣೆಗೆ ಹಾಕಿ.

ಇದೆಲ್ಲ ಸರಿಯಿದ್ದರೂ ಹರಡುತ್ತಿದ್ದರೆ ಬೆಣ್ಣೆ ಎಲ್ಲಿಯದು ಎಂದು ಕೇಳಿಕೊಳ್ಳಿ. ಅಂಗಡಿಯ ಟೇಬಲ್ ಬಟರಿನಲ್ಲಿ ನೂರಕ್ಕೆ 80 ಭಾಗ ಕೊಬ್ಬು, ಹೆಚ್ಚೆಂದರೆ 16 ಭಾಗ ನೀರು. ಮನೆಯಲ್ಲಿ ಮಜ್ಜಿಗೆ ಕಡೆದು ತೆಗೆದ ಬೆಣ್ಣೆಯಲ್ಲಿ ನೀರು ಎಷ್ಟು ಉಳಿದಿದೆ ಎಂಬುದು ಹಿಂಡಿದವರ ಕೈಗೆ ಬಿಟ್ಟದ್ದು. 100 ಗ್ರಾಂ ಬೆಣ್ಣೆಯನ್ನು ಸಣ್ಣ ಲೋಟದಲ್ಲಿ ಕರಗಿಸಿ ಫ್ರಿಜ್ಜಿನಲ್ಲಿಡಿ. ಮೇಲಿನ ತುಪ್ಪದ ಪದರ ಗಟ್ಟಿಯಾದ ಮೇಲೆ ಚುಚ್ಚಿ, ಕೆಳಗಿನ ನೀರು ಬಗ್ಗಿಸಿ ಅಳೆಯಿರಿ. ಮೂರು ದೊಡ್ಡ ಚಮಚದ ಹತ್ತಿರ ಬಂದರೆ ಆ ಬೆಣ್ಣೆ ಇದಕ್ಕಾಗದು, ಇನ್ನೂ ಹಿಂಡಬೇಕು. ಬೆಣ್ಣೆಯ ಬದಲು ತುಪ್ಪ ಹಾಕುವುದಾದರೆ ಅದೇ ತೂಕ ಹಾಕಬೇಡಿ. ತುಪ್ಪದಲ್ಲಿ ನೀರಿಲ್ಲ, 150 ಗ್ರಾಂ ಬೆಣ್ಣೆಯ ಜಾಗಕ್ಕೆ 120 ಗ್ರಾಂ ಸಾಕು. ಆದರೆ ಆಗ ಬರುವುದು ನಾನಖಟಾಯಿಯ ಹಾಗೆ ಪುಡಿಪುಡಿಯಾಗುವ ಕುಕಿ. ಅದೂ ರುಚಿಯೇ, ಮೆತ್ತಗೆ ಇರುವುದಿಲ್ಲ ಅಷ್ಟೇ.

ಆಕಾರ ಬಂತು, ಆದರೆ ಗಟ್ಟಿ

ಗಟ್ಟಿಯಲ್ಲಿ ಎರಡು ಬಗೆ ಇದೆ. ಮದ್ದು ಬೇರೆ ಬೇರೆ, ಹಾಗಾಗಿ ತಳ ತಿರುಗಿಸಿ ನೋಡಲೇಬೇಕು.

ತಳ ಪೂರ್ತಿ ಕಂದಾಗಿದ್ದರೆ ಬೆಂದದ್ದು ಜಾಸ್ತಿ. ಮೆತ್ತನೆಯ ಕುಕಿಯನ್ನು ಬೆಂದಂತೆ ಕಾಣುವ ಮೊದಲೇ ತೆಗೆಯಬೇಕು. ಅಂಚು ಮಾತ್ರ ನಿಂತಿರಬೇಕು, ಮೇಲಿನ ಹಸಿ ಹೊಳಪು ಹೋಗಿರಬೇಕು, ಬಣ್ಣ ಬಿಳಿಚಾಗಿಯೇ ಇರಬೇಕು. ಬೆರಳಿನಿಂದ ಮುಟ್ಟಿದರೆ ನಡುಭಾಗ ಮೆತ್ತಗಿರುತ್ತದೆ. ಹೆದರಬೇಡಿ. ಐದು ನಿಮಿಷ ಟ್ರೇ ಮೇಲೆಯೇ ಬಿಟ್ಟರೆ ಆ ಬಿಸಿಗೆ ಉಳಿದದ್ದು ಬೇಯುತ್ತದೆ. ಹೊಂಬಣ್ಣ ಬರಲಿ ಎಂದು ಕಾದರೆ ಬಿಸ್ಕತ್ತು ಸಿಗುತ್ತದೆ. ದಪ್ಪವನ್ನೂ ಗಮನಿಸಿ. 3 ಮಿಲಿಮೀಟರ್ ದಪ್ಪದ ಕುಕಿ ಎಷ್ಟೇ ಜಾಗ್ರತೆ ಮಾಡಿದರೂ ಗರಿಯಾಗಿಯೇ ಬರುತ್ತದೆ. ಲಟ್ಟಣಿಗೆಯ ಎರಡೂ ಬದಿಗೆ 6 ಮಿಲಿಮೀಟರ್ ದಪ್ಪದ ಮರದ ಪಟ್ಟಿ ಇಟ್ಟುಕೊಂಡರೆ ಎಲ್ಲ ಕಡೆ ಒಂದೇ ದಪ್ಪ.

ತಳ ಬಿಳಿಯಾಗಿಯೇ ಇದೆ, ಆದರೂ ಗಟ್ಟಿ, ಮುರಿದರೆ ಒಳಗೆ ಒತ್ತಾಗಿದೆ ಅಂದರೆ ಮೈದಾ ಜಾಸ್ತಿ ಅಥವಾ ನಾದಿದ್ದು ಜಾಸ್ತಿ. ನಾದಿದಷ್ಟೂ ಮೈದಾದಲ್ಲಿ ಎಳೆ ಹುಟ್ಟುತ್ತದೆ. ಪೂರಿಗೆ ಅದು ಬೇಕು, ಇಲ್ಲಿ ಬೇಡ. ಅಳತೆಯಲ್ಲಿ ಕಾರ್ನ್‌ಫ್ಲೋರ್ ಹಾಕಿದ್ದು ಈ ಎಳೆಯನ್ನು ಕಡಿಮೆ ಮಾಡಲಿಕ್ಕೆ. ಪರೀಕ್ಷೆಗೆ ಬೇಯಿಸಿದ ಕುಕಿಯಲ್ಲೇ ಇದು ಗೊತ್ತಾದರೆ ಉಳಿದ ಹಿಟ್ಟಿಗೆ ಒಂದು ಚಮಚ ಬೆಣ್ಣೆ, ಅರ್ಧ ಮೊಟ್ಟೆಯ ಹಳದಿ ಹಗುರವಾಗಿ ಬೆರೆಸಿ, ಒಂದು ಗಂಟೆ ತಂಪಿನಲ್ಲಿಡಿ. ಪೂರ್ತಿ ಸರಿಹೋಗದಿದ್ದರೂ ತಿನ್ನುವ ಹಾಗಾಗುತ್ತದೆ.

ಮೊಟ್ಟೆಯ ತೂಕವನ್ನು ಮರೆಯಬೇಡಿ. ನಾಟಿ ಕೋಳಿಯ ಮೊಟ್ಟೆ ಸಣ್ಣದು, ಒಡೆದಾಗ 35 ಗ್ರಾಂ ಮಾತ್ರ ಬರಬಹುದು. ಕಡಿಮೆ ಬಿದ್ದಷ್ಟು ಹಾಲು ಸೇರಿಸಿ. ಮೊಟ್ಟೆ ಬಳಸದ ಮನೆಗಳಲ್ಲಿ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಒಂದು ಗಂಟೆ ಕಟ್ಟಿಟ್ಟು, ಅದರಲ್ಲಿ 45 ಗ್ರಾಂ ಹಾಕಿ. ಕಟ್ಟದ ಮೊಸರಿನಲ್ಲಿ ನೀರು ಜಾಸ್ತಿ, ಆಕಾರ ನಿಲ್ಲುವುದಿಲ್ಲ. ಮೊಸರು ಹುಳಿಯಾಗಿರದಿದ್ದರೆ ರುಚಿಯಲ್ಲಿ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ತಳ ಕಪ್ಪು, ಮೇಲೆ ಹಸಿ

ಇಲ್ಲಿ ಹಿಟ್ಟಿನ ತಪ್ಪೇನೂ ಇಲ್ಲ. ಓವನ್ ನೋಡಬೇಕು. ಮನೆಯ ಓಟಿಜಿಯಲ್ಲಿ, ಅಂದರೆ ಸಣ್ಣ ಕರೆಂಟ್ ಓವನ್ನಿನಲ್ಲಿ, ಗುಂಡಿ 175 ತೋರಿಸಿದರೆ ಒಳಗೆ 175 ಇದೆ ಎಂದು ನಂಬುವ ಹಾಗಿಲ್ಲ. ಓವನ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಕ್ಕರೆಯಿಂದ ಪರೀಕ್ಷೆ ಮಾಡಿ. ಸಕ್ಕರೆ ಕರಗುವುದು 186 ಡಿಗ್ರಿಯಲ್ಲಿ. ಓವನ್ 175ಕ್ಕೆ ಇಟ್ಟು ಚೆನ್ನಾಗಿ ಕಾಯಿಸಿ, ಪುಟ್ಟ ಫಾಯಿಲ್ ಬಟ್ಟಲಿನಲ್ಲಿ ಒಂದು ಚಮಚ ಹರಳು ಸಕ್ಕರೆ ಹಾಕಿ 15 ನಿಮಿಷ ಇಡಿ. ಹರಳು ಹಾಗೇ ಇರಬೇಕು. ಕರಗಿದರೆ ನಿಮ್ಮ ಓವನ್ ಹೇಳಿದ್ದಕ್ಕಿಂತ ಬಿಸಿ. ಅದೇ 190ಕ್ಕೆ ಇಟ್ಟಾಗಲೂ ಕರಗದಿದ್ದರೆ ಓವನ್ ತಣ್ಣಗಿದೆ. ಓವನ್ನಿನಿಂದ ಬಟ್ಟಲು ತೆಗೆಯುವಾಗ ಜಾಗ್ರತೆ, ಕರಗಿದ ಸಕ್ಕರೆ ಚರ್ಮಕ್ಕೆ ಅಂಟಿದರೆ ಆಳವಾಗಿ ಸುಡುತ್ತದೆ.

ಸಂಜೆ ವೋಲ್ಟೇಜ್ ಇಳಿದಾಗ ಕಾಯಲು ಹೊತ್ತು ಹಿಡಿಯುತ್ತದೆ. ಹತ್ತು ನಿಮಿಷ ಕಾಯಿಸಿದರಾಯಿತು ಎಂಬ ಲೆಕ್ಕ ಬಿಟ್ಟು ಬಿಸಿಯ ಲೆಕ್ಕ ಹಿಡಿಯಿರಿ. ಮೇಲಿನ ಕೆಳಗಿನ ಎರಡೂ ರಾಡ್ ಉರಿಯುತ್ತಿರಬೇಕು, ಟ್ರೇ ನಡುವಿನ ಮೆಟ್ಟಿಲಿನಲ್ಲಿರಬೇಕು. ಆದರೂ ತಳ ಹತ್ತಿದರೆ ಟ್ರೇಯ ಕೆಳಗೆ ಇನ್ನೊಂದು ಟ್ರೇ ಸೇರಿಸಿ. ಕಪ್ಪು ಟ್ರೇ ಬೇಗ ಸುಡುತ್ತದೆ. ಕಡಾಯಿಯಲ್ಲಿ ಉಪ್ಪು ಹಾಕಿ ಗ್ಯಾಸಿನ ಮೇಲೆ ಬೇಯಿಸುವವರಿಗೆ ಬಿಸಿ ಕೆಳಗಿನಿಂದ ಮಾತ್ರ ಸಿಗುತ್ತದೆ. ಉರಿ ಸಣ್ಣ ಇರಲಿ, ತಳಕ್ಕೆ ಎರಡು ಪದರ ಪೇಪರ್ ಇರಲಿ, ಮುಚ್ಚಳದ ಒಳಗೆ ನೀರು ಹನಿಯದಂತೆ ಬಟ್ಟೆ ಕಟ್ಟಿ ಅಂಚನ್ನು ಮೇಲಕ್ಕೆ ಗಂಟು ಹಾಕಿ.

ಮೀನಿನ ಬಾಲ, ಎಲೆಯ ತುದಿ ಮಾತ್ರ ಸುಟ್ಟರೆ ಓವನ್ನನ್ನು ಬೈಯಬೇಡಿ, ಸಪೂರ ಭಾಗ ಬೇಗ ಬೇಯುತ್ತದೆ. ಅದೇ ಕಾರಣಕ್ಕೆ ಚಿಕ್ಕ ಮತ್ತು ದೊಡ್ಡ ಆಕಾರಗಳನ್ನು ಒಂದೇ ಟ್ರೇಯಲ್ಲಿ ಇಡಬಾರದು. ಎತ್ತುವಾಗ ಸೊಟ್ಟಗಾದರೆ ಕುಕಿಯನ್ನು ಎತ್ತುವ ಬದಲು ಸುತ್ತಲಿನ ಚೂರು ಹಿಟ್ಟನ್ನೇ ಬಿಡಿಸಿ ತೆಗೆಯಿರಿ. ಮೇಲೆ ಗುಳ್ಳೆ ಎದ್ದರೆ ಲಟ್ಟಿಸುವಾಗ ಗಾಳಿ ಸಿಕ್ಕಿಕೊಂಡಿದೆ, ಟೂತ್‌ಪಿಕ್‌ನಿಂದ ಚುಚ್ಚಿ.

ಮಾಡಿದಾಗ ಚೆನ್ನಾಗಿತ್ತು, ಮರುದಿನ ಜಿಗುಟು

ಕಾರವಾರಕ್ಕೆ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ಗಾಳಿಯಲ್ಲಿ ಹಪ್ಪಳವೇ ನಿಲ್ಲುವುದಿಲ್ಲ. ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಕುಕಿಯ ಮೇಲ್ಮೈ ಮೊದಲು ಅಂಟಾಗುತ್ತದೆ. ಒಳಗಿನ ಮೆತ್ತನೆ ಬೇರೆ, ಈ ಜಿಗುಟು ಬೇರೆ.

ಬಿಸಿ ಇರುವಾಗ ಡಬ್ಬಿಗೆ ಹಾಕಿದ್ದರೆ ಕಾರಣ ಅದೇ. ಒಳಗೆ ಹಬೆ ನೀರಾಗಿ ಕುಕಿಯ ಮೇಲೇ ಬೀಳುತ್ತದೆ. ಹಾಗಂತ ಪೂರ್ತಿ ಆರಲಿ ಎಂದು ರಾತ್ರಿಯಿಡೀ ತೆರೆದಿಟ್ಟರೂ ಕೆಡುತ್ತದೆ. ಮಳೆಗಾಲದಲ್ಲಿ ಜಾಲರಿಯ ಮೇಲೆ ಅರ್ಧ ಗಂಟೆ, ಕೈಗೆ ಬಿಸಿ ಹತ್ತದಾದ ಕೂಡಲೇ ಡಬ್ಬಿಗೆ. ಗಾಳಿಯಾಡದ ಡಬ್ಬಿ, ಪದರಗಳ ನಡುವೆ ಬಟರ್ ಪೇಪರ್. ಪದೇ ಪದೇ ತೆರೆಯುವ ದೊಡ್ಡ ಡಬ್ಬಿಗಿಂತ ಎರಡು ಮೂರು ಸಣ್ಣ ಡಬ್ಬಿ ಒಳ್ಳೆಯದು. ಚಕ್ಕುಲಿ, ಶಂಕರಪೋಳೆ ಇರುವ ಡಬ್ಬಿಗೆ ಸೇರಿಸಬೇಡಿ. ಕುಕಿಯ ತೇವ ಅವುಗಳಿಗೆ ಹೋಗಿ ಎರಡೂ ಹಾಳು.

ಮಳೆಗಾಲದಲ್ಲಿ ಎರಡು ಮೂರು ದಿನಕ್ಕಿಂತ ಜಾಸ್ತಿ ಹೊರಗಿಡಬೇಡಿ. ಮೆತ್ತನೆಯ ಕುಕಿಯಲ್ಲಿ ತೇವ ಇರುವುದರಿಂದ ಬೂಸ್ಟು ಬೇಗ ಬರುತ್ತದೆ. ಜಾಸ್ತಿ ಬೇಕಿದ್ದರೆ ಬೇಯಿಸದ ಹಿಟ್ಟನ್ನು ಲಟ್ಟಿಸಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ಬೇಕಾದಷ್ಟು ಬೇಯಿಸುವುದೇ ಸರಿ. ಚಳಿಗಾಲದಲ್ಲಿ ಶಿರಸಿ ಕಡೆ ಕುಕಿ ಒಣಗಿ ಗಟ್ಟಿಯಾದರೆ, ಡಬ್ಬಿಯೊಳಗೆ ಅರ್ಧ ಬ್ರೆಡ್ ತುಂಡು ಒಂದು ರಾತ್ರಿ ಇಡಿ. ಬ್ರೆಡ್ ಒಣಗುತ್ತದೆ, ಕುಕಿ ಮೆತ್ತಗಾಗುತ್ತದೆ.

ಐಸಿಂಗ್ ಒಣಗುವುದಿಲ್ಲ

ಕ್ರಿಸ್‌ಮಸ್ ಹೊತ್ತಿಗೆ ಕಾರವಾರದ ಗಾಳಿ ಸ್ವಲ್ಪ ಒಣಗಿರುತ್ತದೆ, ಆಗ ಐಸಿಂಗ್ ಮಾಡುವುದು ಸುಲಭ. ಜುಲೈ, ಆಗಸ್ಟ್‌ನಲ್ಲಿ ಹುಟ್ಟುಹಬ್ಬಕ್ಕೆ ಎಂದು ಮಾಡಿದರೆ ಮೇಲಿನ ಪದರ ದಿನವಾದರೂ ಬೆರಳಿಗೆ ಹತ್ತುತ್ತದೆ. ಐಸಿಂಗ್ ಸಕ್ಕರೆಗೆ ನಿಂಬೆರಸ ಮತ್ತು ನೀರನ್ನು ಹನಿ ಹನಿಯಾಗಿ ಸೇರಿಸಿ ಗಟ್ಟಿಯಾಗಿ ಕಲಸಿ, ತೆಳ್ಳಗೆ ಒಂದೇ ಪದರ ಬಳಿದು, ಫ್ಯಾನ್ ಕೆಳಗೆ ಹರಡಿಡಿ. ಒಣಗಲಿ ಎಂದು ಫ್ರಿಜ್ಜಿಗೆ ಮಾತ್ರ ಹಾಕಬೇಡಿ. ಹೊರಗೆ ತೆಗೆದ ತಕ್ಷಣ ನೀರು ಹನಿಗಟ್ಟಿ ಬಣ್ಣವೆಲ್ಲ ಹರಿಯುತ್ತದೆ. ಐಸಿಂಗ್ ಮೇಲೆ ಎಣ್ಣೆಯ ಕಲೆಗಳು ಮೂಡಿದರೆ ಕುಕಿ ಪೂರ್ತಿ ಆರುವ ಮೊದಲೇ ಬಳಿದಿದ್ದೀರಿ, ಬೆಣ್ಣೆ ಮೇಲಕ್ಕೆ ಬಂದಿದೆ.

ಆಷಾಢದ ಜಡಿಮಳೆಯಲ್ಲಿ ನನ್ನ ಸಲಹೆ ಕೇಳಿದರೆ ಐಸಿಂಗ್ ಬಿಟ್ಟುಬಿಡಿ. ಓವನ್ನಿಗೆ ಹೋಗುವ ಮೊದಲು ಕುಕಿಯ ಮೇಲೆ ಸ್ವಲ್ಪ ಹಾಲು ಸವರಿ, ಬಣ್ಣದ ಸಕ್ಕರೆ ಹರಳನ್ನೋ, ಹೆಚ್ಚಿದ ಗೋಡಂಬಿಯನ್ನೋ ಒತ್ತಿ ಕೂರಿಸಿ. ಮಕ್ಕಳಿಗೆ ಅದೇ ಇಷ್ಟ, ಡಬ್ಬಿಯಲ್ಲಿ ಒಂದಕ್ಕೊಂದು ಅಂಟುವುದೂ ಇಲ್ಲ.